ನಿಂತೋಯ್ತಲ್ಲ, ಅದಕ್ಕೇ ಬಿಟ್ವಿ

"ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಡಾಕ್ಟರು ಕೇಳಿದಾಗ "ಇಲ್ಲ" ಎನ್ನುವ ರೋಗಿ ಅಪರೂಪ. ದೊಡ್ಡವರ ಎದುರು ಕೂತು ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬೈಸಿಕೊಳ್ಳುವ ಭಯ ಬೇರೆ. ಮಾತ್ರೆ ಎಣಿಸುವ ಡಾಕ್ಟರು ಎಂದು ಗೊತ್ತಾದರೆ, ಆಸ್ಪತ್ರೆಗೆ ಹೊರಡುವ ಮುನ್ನ ಹೆಚ್ಚಾಗಿ ಉಳಿದ ನಾಲ್ಕನ್ನು ಕಸಕ್ಕೆ ಹಾಕಿ ಲೆಕ್ಕ ಸರಿಮಾಡಿಕೊಂಡು ಹೋಗುವವರೂ ಇದ್ದಾರೆ. ಹೀಗಾಗಿ ಒಪಿಡಿಯಲ್ಲಿ ಕೇಳಿಬರುವ "ಹೂಂ ಸಾರ್" ಎಂಬ ಉತ್ತರದ ನಿಜವಾದ ಬೆಲೆ ಎಷ್ಟು ಎಂದು ಅಳೆಯುವುದಕ್ಕೆ ಬಹಳ ಕಾಲ ದಾರಿಯೇ ಇರಲಿಲ್ಲ.

ಆ ದಾರಿಯನ್ನು ತೋರಿಸಿದ್ದು ಒಂದು ಡಬ್ಬಿಯ ಮುಚ್ಚಳ. ಅಮೆರಿಕದ ಜಾಯ್ಸ್ ಕ್ರೇಮರ್ ಮತ್ತು ಜೊತೆಗಾರರು ಮೂರ್ಛೆ ರೋಗದ ಮಾತ್ರೆಗಳನ್ನು ಹಾಕಿಕೊಟ್ಟ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ಎಲೆಕ್ಟ್ರಾನಿಕ್ ಚಿಪ್ ಇಟ್ಟರು. ಮುಚ್ಚಳ ತೆರೆದ ದಿನ, ಗಂಟೆ, ನಿಮಿಷ ಎಲ್ಲ ಅದರಲ್ಲಿ ದಾಖಲಾಗುತ್ತಿತ್ತು. 1989ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದಿನಕ್ಕೊಂದೇ ಸಲ ಮಾತ್ರೆ ಇದ್ದವರು ಹೇಳಿದಂತೆ ತೆಗೆದುಕೊಂಡದ್ದು ಶೇ 87ರಷ್ಟು. ಎರಡು ಸಲ ಇದ್ದವರಲ್ಲಿ ಅದು ಶೇ 81, ಮೂರು ಸಲ ಇದ್ದವರಲ್ಲಿ ಶೇ 77. ನಾಲ್ಕು ಸಲ ಎಂದು ಬರೆದುಕೊಟ್ಟಲ್ಲಿ ಒಮ್ಮೆಗೇ ಶೇ 39ಕ್ಕೆ ಕುಸಿದಿತ್ತು. ರೋಗ ಅದೇ, ಜನರೂ ಅಂಥವರೇ, ಬದಲಾದದ್ದು ಚೀಟಿಯ ಮೇಲೆ ಡಾಕ್ಟರು ಬರೆದ ಅಂಕಿ ಮಾತ್ರ. ಮರೆವು ರೋಗಿಯದು ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಅದರಲ್ಲಿ ಒಂದು ಪಾಲು ಚೀಟಿಯದೂ ಇದೆ.

ಮರುವರ್ಷ ಅದೇ ತಂಡ ಇನ್ನೊಂದು ಸಂಗತಿಯನ್ನು ಬಯಲಿಗೆಳೆಯಿತು. ಡಾಕ್ಟರನ್ನು ಕಾಣಲು ಹೋಗುವ ಐದು ದಿನ ಮೊದಲು ಮತ್ತು ಕಂಡು ಬಂದ ಐದು ದಿನಗಳವರೆಗೆ ಎಲ್ಲರೂ ಶಿಸ್ತಿನ ಸಿಪಾಯಿಗಳು. ತಿಂಗಳು ಕಳೆಯುವಷ್ಟರಲ್ಲಿ ಮೂರನೇ ಒಂದು ಪಾಲು ಗುಳಿಗೆಗಳು ತಪ್ಪಿಹೋಗಿರುತ್ತಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗರ ಬುದ್ಧಿ ದೊಡ್ಡವರಾದ ಮೇಲೂ ಹೋಗುವುದಿಲ್ಲವಲ್ಲ. ಇದರಿಂದ ಆಗುವ ತೊಂದರೆ ಏನೆಂದರೆ, ಒಪಿಡಿ ದಿನ ರಕ್ತ ತೆಗೆದು ಔಷಧದ ಮಟ್ಟ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಫಿಟ್ಸ್ ಬಂದದ್ದು ಅದಕ್ಕೂ ಇಪ್ಪತ್ತು ದಿನ ಹಿಂದೆ, ಡಬ್ಬಿ ಮುಚ್ಚೇ ಇದ್ದ ವಾರದಲ್ಲಿ.

ಮಕ್ಕಳ ವಿಷಯದಲ್ಲೂ ಸಮಾಧಾನಪಡುವಂಥದ್ದೇನಿಲ್ಲ. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಹೊಸದಾಗಿ ಮೂರ್ಛೆ ರೋಗ ಪತ್ತೆಯಾದ 124 ಮಕ್ಕಳನ್ನು ಇಂಥದೇ ಮುಚ್ಚಳ ಇಟ್ಟು ಗಮನಿಸಿದಾಗ, ಮೊದಲ ಆರು ತಿಂಗಳಲ್ಲೇ ಶೇ 58 ಮಕ್ಕಳಿಗೆ ಔಷಧ ಆಗಾಗ ತಪ್ಪುತ್ತಿತ್ತು. ಅಪ್ಪ ಅಮ್ಮ ಪಕ್ಕದಲ್ಲೇ ನಿಂತು ಕುಡಿಸುವ ವಯಸ್ಸಿನ ಮಕ್ಕಳು ಇವು.

ತಪ್ಪಿದರೆ ಏನಾಗುತ್ತದೆ? ಬಿಪಿ ಮಾತ್ರೆ ಎರಡು ದಿನ ಬಿಟ್ಟವನಿಗೆ ಅವತ್ತೇ ಏನೂ ತಿಳಿಯದೆ ಇರಬಹುದು. ಮೂರ್ಛೆಯ ಔಷಧದಲ್ಲಿ ಆ ಸಲಿಗೆ ಇಲ್ಲ. ಮೆದುಳಿನ ನರಕೋಶಗಳು ಒಟ್ಟೊಟ್ಟಿಗೆ, ಹದ್ದುಮೀರಿ ವಿದ್ಯುತ್ ಸಂಕೇತ ಹೊಮ್ಮಿಸಿದಾಗ ಬರುವುದು ಫಿಟ್ಸ್. ಆ ಹದ್ದು ಮೀರದಂತೆ ಅವನ್ನು ಹಿಡಿದಿಡಲು ರಕ್ತದಲ್ಲಿ ಔಷಧ ಒಂದು ಮಟ್ಟದಲ್ಲಿ ಇರಲೇಬೇಕು. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಹಾಗೆ: ನೀರು ಖರ್ಚಾಗುತ್ತಲೇ ಇರುತ್ತದೆ, ಹೊತ್ತಿಗೆ ಸರಿಯಾಗಿ ಮೋಟರ್ ಹಾಕುತ್ತಿರಬೇಕು. ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದು ಒಂದೊಂದು ಔಷಧಕ್ಕೆ ಒಂದೊಂದು ಥರ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಮೂರ್ಛೆಗೆ ಆಗಿಬರುತ್ತದೆಂದು ಕಂಡುಕೊಂಡ ಫಿನೋಬಾರ್ಬಿಟೋನ್, ನಮ್ಮ ಹಳ್ಳಿಗಳಲ್ಲಿ ಗಾರ್ಡಿನಾಲ್ ಎಂದೇ ಹೆಸರಾದದ್ದು, ದೇಹದಲ್ಲಿ ಅರ್ಧಕ್ಕಿಳಿಯಲು ಮೂರ್ನಾಲ್ಕು ದಿನ ಬೇಕು. ರಾತ್ರಿ ಒಂದು ನುಂಗಿದರೆ ಸಾಕು, ಒಂದು ದಿನ ತಪ್ಪಿದರೂ ಬೇಗ ಬರಿದಾಗುವುದಿಲ್ಲ. ಈಗ ನಗರದ ಡಾಕ್ಟರುಗಳು ಹೆಚ್ಚಾಗಿ ಬರೆಯುವ ಲೆವೆಟಿರಸಿಟಮ್ ಆರರಿಂದ ಎಂಟು ಗಂಟೆಯಲ್ಲೇ ಅರ್ಧವಾಗುತ್ತದೆ. ಅಡ್ಡಪರಿಣಾಮ ಕಡಿಮೆ, ಬುದ್ಧಿ ಮಂಕಾಗುವುದಿಲ್ಲ, ಎಲ್ಲ ಸರಿ. ಆದರೆ ಬೆಳಗಿನದು ಮರೆತರೆ ಸಂಜೆಯೊಳಗೆ ತಳ ಕಾಣುತ್ತದೆ. ಹೊಸ ಔಷಧ ಒಳ್ಳೆಯದೋ ಹಳೆಯದೋ ಎಂಬ ವಾದದಲ್ಲಿ, ಮಾತ್ರೆ ತಪ್ಪುವ ಮನೆಗೆ ಯಾವುದು ಒಳ್ಳೆಯದು ಎಂದು ಕೇಳುವವರು ಕಡಿಮೆ.

ಒಮ್ಮೆಗೇ ನಿಲ್ಲಿಸಿದರಂತೂ ಒಂದು ಫಿಟ್ಸ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಎಚ್ಚರವೇ ಬಾರದ ಸ್ಥಿತಿ ಬರಬಹುದು. ಐದು ನಿಮಿಷ ದಾಟಿದ ಫಿಟ್ಸ್ ಜೀವಕ್ಕೆ ಅಪಾಯ. ಅಮೆರಿಕದ ಮೂರು ರಾಜ್ಯಗಳ ಬಡವರ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಔಷಧ ಸರಿಯಾಗಿ ಪಡೆಯದ ಅವಧಿಯಲ್ಲಿ ಸಾವಿನ ಅಪಾಯ ಮೂರು ಪಟ್ಟಿಗಿಂತ ಹೆಚ್ಚಿತ್ತು. ಇದು ಆಸ್ಪತ್ರೆಯ ಮಾತು. ನಮ್ಮ ಊರುಗಳಲ್ಲಿ ಒಲೆ, ಕೆರೆ, ಬಾವಿಕಟ್ಟೆ, ಪಂಪ್‌ಸೆಟ್ಟಿನ ಹೊಂಡ ಬೇರೆ ಇವೆ. ಒಲೆಯ ಮುಂದೆ ಕೂತಾಗ ಫಿಟ್ಸ್ ಬಂದು ಕೈ ಸುಟ್ಟುಕೊಂಡ ಹೆಂಗಸರನ್ನು ಯಾವ ತಾಲೂಕು ಆಸ್ಪತ್ರೆಯ ನರ್ಸನ್ನು ಕೇಳಿದರೂ ನೆನಪಿಸಿಕೊಳ್ಳುತ್ತಾರೆ.

ನಮ್ಮ ರಾಜ್ಯದ ಲೆಕ್ಕಕ್ಕೆ ಬರೋಣ. 1990ರ ದಶಕದ ನಡುವೆ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ, ಡಾ. ಜಿ. ಗುರುರಾಜ್, ಡಾ. ಪಿ. ಸತೀಶ್ಚಂದ್ರ ಮುಂತಾದವರ ತಂಡ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರ ಮನೆಬಾಗಿಲಿಗೆ ಹೋಗಿ ಸಮೀಕ್ಷೆ ನಡೆಸಿತು. ಮೂರ್ಛೆ ರೋಗ ಇದ್ದವರು ಸಾವಿರಕ್ಕೆ 8.8. ಬಿಡಿಸಿ ನೋಡಿದರೆ ನಗರದಲ್ಲಿ 5.7, ಹಳ್ಳಿಯಲ್ಲಿ 11.9. ನರರೋಗ ತಜ್ಞರು ಎಲ್ಲಿದ್ದಾರೋ ಅಲ್ಲಿ ರೋಗ ಕಡಿಮೆ, ತಜ್ಞರು ಇಲ್ಲದ ಕಡೆ ಅದರ ಎರಡರಷ್ಟು.

ತಜ್ಞರಿಲ್ಲದಿದ್ದರೂ ಆಗುತ್ತದೆ ಎಂದು ತೋರಿಸಿದ್ದೂ ಕರ್ನಾಟಕವೇ, ಅದು ನಮಗೇ ಮರೆತುಹೋದಂತಿದೆ. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ, ಆಗ ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ ಯಳಂದೂರಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ಸುಮಾರಿಗೆ ಕೆಲಸ ಶುರುಮಾಡಿದರು. ಸುಮಾರು 65 ಸಾವಿರ ಜನಸಂಖ್ಯೆಯ ನಡುವೆ ಮನೆಮನೆ ತಿರುಗಿ ಫಿಟ್ಸ್ ಇದ್ದವರನ್ನು ಗುರುತಿಸಿದರು. ಸ್ಕ್ಯಾನು, ಇಇಜಿ ಎಂದು ಊರು ಬಿಡಿಸಿ ಅಲೆದಾಡಿಸಲಿಲ್ಲ. ಕೊಟ್ಟದ್ದು ಎರಡೇ ಔಷಧ, ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್. ಎರಡೂ ಅಗ್ಗ, ಎರಡೂ ಅಜ್ಜನ ಕಾಲದವು. ಐದು ವರ್ಷ ಬಿಡದೆ ಹಿಂಬಾಲಿಸಿ ನೋಡಿದ ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹಳ್ಳಿಯಲ್ಲೇ, ಕಡಿಮೆ ಖರ್ಚಿನಲ್ಲೇ ಫಿಟ್ಸ್ ಹತೋಟಿಗೆ ತರಬಹುದು ಎಂಬುದೇ ಅದರ ತಿರುಳು. ಅಂದರೆ ಔಷಧಕ್ಕೇನೂ ಬರವಿಲ್ಲ. ಬರ ಇರುವುದು ಅದು ಮನೆಗೆ ತಲುಪುವುದರಲ್ಲಿ, ಮನೆಯಿಂದ ಬಾಯಿಗೆ ಹೋಗುವುದರಲ್ಲಿ.

ಆ ಸೀಮೆಗೇ ವಿಶೇಷವಾದ ಇನ್ನೊಂದು ಕಾಯಿಲೆಯನ್ನೂ ಇಲ್ಲಿ ಹೇಳಬೇಕು: ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಲ್ಲಿ ತೆಗೆದು ತಲೆಯ ಮೇಲೆ ಸುರಿದುಕೊಳ್ಳುವಾಗ ಬರುವ ಫಿಟ್ಸ್ ಇದು. ಮೈಗೆ ಸ್ನಾನ ಮಾಡಿದರೆ ಏನೂ ಇಲ್ಲ, ತಲೆಗೆ ನೀರು ಬಿದ್ದಾಗ ಮಾತ್ರ. ಜಗತ್ತಿನಲ್ಲಿ ಬೇರೆಡೆ ಅಪರೂಪವಾದ ಇದು ಹಳೇ ಮೈಸೂರು ಭಾಗದಲ್ಲಿ ಸಾಮಾನ್ಯ. 1968ರಲ್ಲೇ ಡಾ. ಮಣಿ ಇದರ ಬಗ್ಗೆ ಬರೆದಿದ್ದರು. ಬೆಂಗಳೂರು ಭಾಗದಲ್ಲಿ ಲಕ್ಷಕ್ಕೆ 60 ಜನಕ್ಕೆ ಕಂಡದ್ದು ಯಳಂದೂರಿನಲ್ಲಿ ಲಕ್ಷಕ್ಕೆ 255. ಇದಕ್ಕೆ ನಿಮ್ಹಾನ್ಸ್ ವೈದ್ಯರು ಕಂಡುಕೊಂಡ ಉಪಾಯ ಬಲು ಸರಳ. ನೀರು ಉಗುರುಬೆಚ್ಚಗಿರಲಿ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ನುಂಗಬೇಕು. ದಿನಾ ಬೇಡ, ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ.

ಕೇಳಲು ಎಷ್ಟು ಸುಲಭ! ಆದರೆ ನರಕ ಚತುರ್ದಶಿಯ ಬೆಳಗಿನ ಜಾವ ನಾಲ್ಕೂವರೆಗೆ ಎಣ್ಣೆಸ್ನಾನ ಎಂದರೆ ಮಾತ್ರೆಯ ಹೊತ್ತು ಮೂರು ಗಂಟೆ. ಹಬ್ಬದ ಸಡಗರದಲ್ಲಿ ಆ ಹುಡುಗನನ್ನು ಮೂರಕ್ಕೆ ಎಬ್ಬಿಸಿ ಮಾತ್ರೆ ನುಂಗಿಸುವವರು ಯಾರು? ಅಜ್ಜಿ ನಾಲ್ಕಕ್ಕೆ ಎದ್ದು ಹಂಡೆಗೆ ಉರಿ ಹಾಕಿ, ತಲೆಗೆ ಎಣ್ಣೆ ತಿಕ್ಕಿ, "ಇನ್ನೊಂದು ಚೊಂಬು, ಇನ್ನೊಂದು ಚೊಂಬು" ಎಂದು ಸುಡುಸುಡು ನೀರು ಹೊಯ್ಯುತ್ತಾಳೆ. ಅಜ್ಜಿಯ ಪ್ರೀತಿ ಅಳೆಯುವುದು ನೀರಿನ ಕಾವಿನಲ್ಲಿ. ಮಾತ್ರೆ ತಪ್ಪುವ ಕತೆಗಳಲ್ಲಿ ಹೀಗೆ ಪ್ರೀತಿಯಿಂದಲೇ ತಪ್ಪುವವೂ ಇವೆ. ಆದರೂ ಈ ಕಾಯಿಲೆಯಲ್ಲಿ ಒಂದು ಅನುಕೂಲವಿದೆ. ಮಾತ್ರೆಗೆ ಇಲ್ಲಿ ಗಡಿಯಾರದ ಹಂಗಿಲ್ಲ, ಅದು ಮನೆಯ ಒಂದು ಕೆಲಸಕ್ಕೆ ಅಂಟಿಕೊಂಡಿದೆ. ಹಂಡೆಗೆ ಉರಿ ಹಾಕುವ ಮೊದಲು ಮಾತ್ರೆ ಎಂದು ಅಜ್ಜಿಗೆ ಒಂದು ಸಲ ತಿಳಿಸಿಕೊಟ್ಟರೆ ಆಕೆ ಮರೆಯುವುದಿಲ್ಲ. "ಬೆಳಿಗ್ಗೆ ಎಂಟು, ರಾತ್ರಿ ಎಂಟು" ಎನ್ನುವ ಬದಲು "ಹಾಲು ಕರೆದ ಮೇಲೆ, ರಾತ್ರಿ ಮುದ್ದೆ ಉಂಡ ಮೇಲೆ" ಎಂದು ಹೇಳಿಕೊಡುವ ನರ್ಸುಗಳು ಇದ್ದಾರೆ. ಅವರ ಮಾತು ಚೀಟಿಗಿಂತ ಹೆಚ್ಚು ನಾಟುತ್ತದೆ.

ಹಾಗಾದರೆ ಜನ ಬಿಡುವುದು ಯಾಕೆ? ಮೊದಲನೆಯ ಉತ್ತರ ಯಾವ ಒಪಿಡಿಯಲ್ಲಿ ಕೂತರೂ ಕಿವಿಗೆ ಬೀಳುತ್ತದೆ. "ಒಂದು ವರ್ಷದಿಂದ ಬಂದೇ ಇಲ್ಲ ಸಾರ್. ನಿಂತೋಯ್ತಲ್ಲ, ಅದಕ್ಕೇ ಬಿಟ್ವಿ." ಇದಕ್ಕಿಂತ ಸಹಜವಾದ ತರ್ಕ ಇನ್ನೊಂದಿಲ್ಲ. ಜ್ವರ ನಿಂತರೆ ಜ್ವರದ ಮಾತ್ರೆ ಬಿಡುತ್ತೇವೆ. ಹತ್ತು ದಿನದ ಆ್ಯಂಟಿಬಯೊಟಿಕ್ಕನ್ನು ನಾಲ್ಕನೇ ದಿನಕ್ಕೆ ಬಿಟ್ಟವರಲ್ಲಿ ಈ ಲೇಖನ ಓದುವವರೂ ಇದ್ದಾರೆ, ಕೆಲವು ಡಾಕ್ಟರುಗಳೂ ಇದ್ದಾರೆ. ಮಾತ್ರೆ ನುಂಗುತ್ತಿರುವುದರಿಂದಲೇ ಫಿಟ್ಸ್ ನಿಂತಿದೆ ಎಂಬುದು ಅನುಭವಕ್ಕೆ ಬರುವ ಸಂಗತಿಯಲ್ಲ. ಅನುಭವಕ್ಕೆ ಬರುವುದು ಇಷ್ಟೇ: ಒಂದು ಮಾತ್ರೆ ತಪ್ಪಿದ ದಿನ ಏನೂ ಆಗಲಿಲ್ಲ, ಎರಡು ತಪ್ಪಿದಾಗಲೂ ಆಗಲಿಲ್ಲ. ಆದ ದಿನ ಅದರ ಅಪರಾಧ ಅಮಾವಾಸ್ಯೆಯ ಮೇಲೆ, ಇಲ್ಲವೇ ಯಾರದೋ ದೃಷ್ಟಿಯ ಮೇಲೆ ಹೋಗುತ್ತದೆ.

ಎರಡನೆಯದು ಮಾತ್ರೆಯ ಕಾಟ. ಫೆನಿಟಾಯಿನ್, ಜನ ಎಪ್ಟಾಯಿನ್ ಎನ್ನುವುದು, ವರ್ಷಗಟ್ಟಲೆ ತೆಗೆದುಕೊಂಡರೆ ಒಸಡು ಊದಿ ಹಲ್ಲಿನ ಮೇಲೆ ಹರಡುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ಮದುವೆಯ ವಯಸ್ಸಿನ ಹುಡುಗಿಗೆ ಇದನ್ನು ಬರೆದುಕೊಟ್ಟು "ಬಿಡಬೇಡಮ್ಮ" ಎಂದರೆ ಆಕೆ ಕನ್ನಡಿಯ ಮಾತು ಕೇಳುತ್ತಾಳೋ ಡಾಕ್ಟರ ಮಾತೋ? ವ್ಯಾಲ್ಪ್ರೋಯೇಟಿನಿಂದ ಮೈ ದಪ್ಪಗಾಗುತ್ತದೆ, ಕೂದಲು ಉದುರುತ್ತದೆ. ಗಾರ್ಡಿನಾಲ್ ತಗೊಂಡ ಮಗು ಶಾಲೆಯಲ್ಲಿ ತೂಕಡಿಸುತ್ತದೆ, ಇಲ್ಲವೇ ಕೂತಲ್ಲಿ ಕೂರದೆ ರೇಗುತ್ತದೆ. "ಮಾತ್ರೆ ಬಹಳ ಉಷ್ಣ" ಎಂದು ಬಿಡುವವರ ಮಾತನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಆ ಮಾತಿನ ಹಿಂದೆ ಬಹಳ ಸಲ ನಿಜವಾದ ಅಡ್ಡಪರಿಣಾಮವೊಂದು ಇರುತ್ತದೆ, ಅದನ್ನು ಹೇಳಲು ರೋಗಿಗೆ ಬೇರೆ ಪದ ಸಿಕ್ಕಿರುವುದಿಲ್ಲ, ಕೇಳಲು ಡಾಕ್ಟರಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತಿರುವುದಿಲ್ಲ.

ಮುಚ್ಚಿಟ್ಟ ತಪ್ಪು ಹೇಗೆ ಸುತ್ತಿ ಬಂದು ಹೊಡೆಯುತ್ತದೆ ಎಂಬುದಕ್ಕೆ ಫೆನಿಟಾಯಿನ್ನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಬ್ಬಾತನಿಗೆ ದಿನಕ್ಕೆ ಮೂರು ಮಾತ್ರೆ ಬರೆದಿದೆ ಎನ್ನಿ. ಆತ ನುಂಗುವುದು ಎರಡು, ಹೇಳುವುದು ಮೂರು. ಫಿಟ್ಸ್ ನಿಲ್ಲುವುದಿಲ್ಲ. "ಮೂರು ಸಾಲುತ್ತಿಲ್ಲ" ಎಂದು ಡಾಕ್ಟರು ನಾಲ್ಕಕ್ಕೆ ಏರಿಸುತ್ತಾರೆ. ಇನ್ನೊಮ್ಮೆ ಫಿಟ್ಸ್ ಬಂದು ಆಸ್ಪತ್ರೆ ಸೇರಿದಾಗ ನರ್ಸು ಹೊತ್ತುಹೊತ್ತಿಗೆ ನಾಲ್ಕನ್ನೂ ನುಂಗಿಸುತ್ತಾರೆ. ಈ ಔಷಧದ ಸ್ವಭಾವ ವಿಚಿತ್ರ. ಒಂದು ಮಿತಿಯವರೆಗೆ ಯಕೃತ್ತು ಅದನ್ನು ಕರಗಿಸುತ್ತ ಹೋಗುತ್ತದೆ, ಮಿತಿ ಮುಟ್ಟಿತೋ, ಆಮೇಲೆ ಸ್ವಲ್ಪ ಹೆಚ್ಚು ಕೊಟ್ಟರೂ ರಕ್ತದಲ್ಲಿ ಮಟ್ಟ ಸರ್ರನೆ ಏರುತ್ತದೆ. ವಾರ ಕಳೆಯುವಷ್ಟರಲ್ಲಿ ಆತ ಕುಡಿದವನಂತೆ ತೂರಾಡುತ್ತಾನೆ, ಕಣ್ಣುಗುಡ್ಡೆ ಅದುರುತ್ತದೆ, ಮಾತು ತೊದಲುತ್ತದೆ. "ನೋಡಿದ್ರಾ, ಇಂಗ್ಲಿಷ್ ಔಷಧಿ ತಲೆ ಕೆಡಿಸ್ತು" ಎಂದು ಮನೆಯವರು ಎಲ್ಲವನ್ನೂ ನಿಲ್ಲಿಸಿ ನಾಟಿ ವೈದ್ಯರ ಹತ್ತಿರ ಕರೆದೊಯ್ಯುತ್ತಾರೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ಒಂದು ಸುಳ್ಳು "ಹೂಂ" ಮಾತ್ರ ಇದೆ, ಅದನ್ನು ಹೇಳಿಸಿದ ಗದರಿಕೆ ಇದೆ. ಔಷಧಕ್ಕೆ ಬಗ್ಗದ ಮೂರ್ಛೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ದೊಡ್ಡಾಸ್ಪತ್ರೆಗೆ ಬರುವವರಲ್ಲಿ, ಔಷಧವೇ ಸರಿಯಾಗಿ ಹೊಟ್ಟೆಗೆ ಹೋಗದವರೂ ಇರುತ್ತಾರೆ.

ನಾಟಿ ಔಷಧದ ಬಗ್ಗೆ ಒಂದೇ ಮಾತು. ಬೇರು ಸೊಪ್ಪಿನ ಪುಡಿ ಎಂದು ಮಾರುವ ಕೆಲವು ಪೊಟ್ಟಣಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಫಿನೋಬಾರ್ಬಿಟೋನ್ ಬೆರೆಸಿರುವುದು ಸಿಕ್ಕಿದೆ. ಪುಡಿಯಿಂದ ಫಿಟ್ಸ್ ನಿಂತದ್ದು ನಿಜ, ನಿಲ್ಲಿಸಿದ್ದು ಬೇರಲ್ಲ. ಪುಡಿ ಮುಗಿದ ವಾರ ಏನಾಗುತ್ತದೆ ಎಂಬುದನ್ನು ಇಷ್ಟು ಓದಿದವರಿಗೆ ಹೇಳಬೇಕಾಗಿಲ್ಲ.

ಹೆಂಗಸರ ಪಾಡು ಪ್ರತ್ಯೇಕವಾಗಿ ಬರೆಯಬೇಕಾದ್ದು. "ಮದುವೆಯಾದರೆ ಸರಿಹೋಗುತ್ತೆ" ಎಂಬ ಮಾತಿಗೆ ನಮ್ಮಲ್ಲಿ ಇನ್ನೂ ಸಾವು ಬಂದಿಲ್ಲ. ಗಂಡಿನ ಕಡೆಯವರಿಗೆ ಹೇಳದೆ ಮದುವೆ ನಿಕ್ಕಿಯಾಗುತ್ತದೆ. ಮದುವೆಯ ವಾರವೆಂದರೆ ನಿದ್ದೆಗೇಡು, ಮುಹೂರ್ತದವರೆಗೆ ಉಪವಾಸ, ಮನಸ್ಸಿನ ಮೇಲೆ ಹೇಳಲಾರದ ಭಾರ. ಫಿಟ್ಸ್ ತರಿಸುವ ಕಾರಣಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಅದೇ ವಾರ ಮಾತ್ರೆಯೂ ನಿಲ್ಲುತ್ತದೆ, ಯಾಕೆಂದರೆ ಹೊಸ ಮನೆಯಲ್ಲಿ ಅದನ್ನು ಎಲ್ಲರೆದುರು ನುಂಗುವ ಹಾಗಿಲ್ಲ. ಧೈರ್ಯವಿದ್ದ ಹುಡುಗಿಯರು ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ, ಹೆಸರು ಕಾಣದಂತೆ ಬಳೆಯ ಡಬ್ಬಿಯಲ್ಲಿಟ್ಟುಕೊಂಡು, ಬಚ್ಚಲಿಗೆ ಹೋದಾಗ ನುಂಗುತ್ತಾರೆ. ಕೇಳಿದರೆ ರಕ್ತ ಕಡಿಮೆ ಇದೆ, ಅದಕ್ಕೆ ಎಂದು ಉತ್ತರ. ಡಬ್ಬಿ ಖಾಲಿಯಾದ ಮೇಲೆ ತರಿಸುವುದಕ್ಕೆ ದಾರಿ ಇಲ್ಲ. ತವರಿಗೆ ಫೋನ್ ಮಾಡಿ ಹೇಳಬೇಕು, ತಮ್ಮ ಯಾವುದೋ ನೆವ ಹೂಡಿ ತಂದುಕೊಡಬೇಕು.

ಈ ಭಯಕ್ಕೆ ಒಂದು ಕಾಲದಲ್ಲಿ ಕಾನೂನಿನ ಬೆಂಬಲವೂ ಇತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ, ಮರುಕಳಿಸುವ ಹುಚ್ಚಿನ ಜೊತೆಯಲ್ಲೇ ಮೂರ್ಛೆ ರೋಗವನ್ನೂ ಮದುವೆಗೆ ಅಡ್ಡಿಯೆಂದು ಸೇರಿಸಿತ್ತು. 1999ರ ಕೊನೆಯಲ್ಲಿ ಆ ಪದವನ್ನು ಕಾಯ್ದೆಯಿಂದ ತೆಗೆದುಹಾಕಲಾಯಿತು. ಇಪ್ಪತ್ತೈದು ವರ್ಷ ದಾಟಿದರೂ ಸುದ್ದಿ ಎಲ್ಲ ಮನೆಗಳಿಗೆ ಮುಟ್ಟಿಲ್ಲ. ಮೂರ್ಛೆ ರೋಗ ಇದೆ ಎಂಬ ಕಾರಣಕ್ಕೇ ಮದುವೆ ಅಸಿಂಧು ಎನ್ನುವ ಕಾನೂನು ಈಗ ಇಲ್ಲ ಎಂಬುದನ್ನು ಅಪ್ಪ ಅಮ್ಮಂದಿರು ತಿಳಿದಿರುವುದು ಒಳ್ಳೆಯದು. ಮೊದಲೇ ಹೇಳಿ ಮಾಡಿದ ಮದುವೆಯಲ್ಲಿ ಮಾತ್ರೆ ಅಡುಗೆಮನೆಯ ಶೆಲ್ಫಿನ ಮೇಲೇ ಇರುತ್ತದೆ, ಮರೆತ ದಿನ ಗಂಡನೋ ಅತ್ತೆಯೋ ನೆನಪಿಸುತ್ತಾರೆ.

ಬಸಿರಾದಾಗ ಇನ್ನೊಂದು ಗಂಡಾಂತರ. ಮಗುವಿಗೆ ತೊಂದರೆಯಾದೀತು ಎಂದು ತಾಯಿ ಆ ಕ್ಷಣವೇ ಮಾತ್ರೆ ನಿಲ್ಲಿಸುತ್ತಾಳೆ. ಆತಂಕ ಬುಡವಿಲ್ಲದ್ದಲ್ಲ. ವ್ಯಾಲ್ಪ್ರೋಯೇಟ್ ತೆಗೆದುಕೊಂಡ ತಾಯಂದಿರ ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಹುಟ್ಟಿನಿಂದಲೇ ಅಂಗದೋಷ ಕಾಣಬಹುದು, ಮೂವತ್ತರಿಂದ ನಲವತ್ತು ಮಕ್ಕಳ ಬುದ್ಧಿ ಬೆಳವಣಿಗೆಗೆ ತೊಡಕಾಗಬಹುದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಬರೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ಪರಿಹಾರ ಇರುವುದು ಬಸಿರಿಗೆ ಮುಂಚೆ ಔಷಧ ಬದಲಿಸಿಕೊಳ್ಳುವುದರಲ್ಲಿ. ಬಸಿರಾದ ಮೇಲೆ ತಾನೇ ನಿಲ್ಲಿಸಿದರೆ ದೊಡ್ಡ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಕುತ್ತು. ಲ್ಯಾಮೊಟ್ರಿಜಿನ್‌ನಂಥ ಸುರಕ್ಷಿತ ಔಷಧಗಳ ಮಟ್ಟ ಬಸಿರಿನಲ್ಲಿ ತಾನಾಗಿಯೇ ಇಳಿಯುವುದರಿಂದ ಡೋಸು ಏರಿಸಬೇಕಾಗಿ ಬರುವುದೂ ಉಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ 1998ರಲ್ಲಿ ಇಂಥ ಗರ್ಭಿಣಿಯರ ನೋಂದಣಿ ಶುರುಮಾಡಿದರು. ಮೂರ್ಛೆ ರೋಗವಿರುವ ಹೆಚ್ಚಿನ ತಾಯಂದಿರು ಮಾತ್ರೆ ತೆಗೆದುಕೊಳ್ಳುತ್ತಲೇ ಆರೋಗ್ಯವಂತ ಮಕ್ಕಳನ್ನು ಹೆತ್ತಿರುವುದು ಅಲ್ಲಿನ ದಾಖಲೆಗಳಲ್ಲಿದೆ.

ಗಂಡಸರ ಮುಚ್ಚುಮರೆ ಬೇರೆ ಬಗೆಯದು. ಡ್ರೈವಿಂಗ್ ಲೈಸೆನ್ಸಿನ ಅರ್ಜಿಯಲ್ಲೇ ಮೂರ್ಛೆ ಬರುತ್ತದೆಯೇ ಎಂಬ ಪ್ರಶ್ನೆ ಇದೆ. ಆಟೊ, ಟ್ಯಾಕ್ಸಿ, ಟಿಪ್ಪರ್ ಓಡಿಸಿ ಬದುಕುವವನು ಅಲ್ಲಿ "ಇಲ್ಲ" ಎಂದು ಟಿಕ್ ಹಾಕಿದ ಮೇಲೆ ಜೇಬಿನಲ್ಲಿ ಮಾತ್ರೆ ಇಟ್ಟುಕೊಳ್ಳುವುದೂ ಅಪಾಯ ಎಂದುಕೊಳ್ಳುತ್ತಾನೆ. ರಾತ್ರಿ ಪಾಳಿ, ಕುಡಿತ ಸೇರಿದರೆ ಕೇಳುವುದೇ ಬೇಡ.

ಇನ್ನು ಅಂಗಡಿಯ ಮಾತು. ಗಾರ್ಡಿನಾಲ್ ಅಗ್ಗ, ಪರಿಣಾಮಕಾರಿ, ದಿನಕ್ಕೊಂದೇ ಸಲ. ಬಡವರ ಪಾಲಿಗೆ ಇದಕ್ಕಿಂತ ಹೊಂದುವ ಔಷಧ ಇಲ್ಲ. ಆದರೆ ಅದು ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಲೆಕ್ಕಪತ್ರದ ತಾಪತ್ರಯ ಬೇಡವೆಂದು ಎಷ್ಟೋ ಮೆಡಿಕಲ್ ಶಾಪಿನವರು ತರಿಸುವುದೇ ಇಲ್ಲ. ಲಾಭವೂ ಕಡಿಮೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಬೇರೆ ಮಾತ್ರೆಗಳಲ್ಲಿ ಬ್ರ್ಯಾಂಡು ಬದಲಾಗುವ ಗೋಜಲು. ಹೋದ ತಿಂಗಳು ಬಿಳಿ ಮಾತ್ರೆ, ಈ ತಿಂಗಳು ಹಳದಿ. "ಅದೂ ಇದೂ ಒಂದೇ" ಎನ್ನುತ್ತಾನೆ ಅಂಗಡಿಯ ಹುಡುಗ. ಹೆಚ್ಚಿನ ಸಲ ಒಂದೇ ಇರಬಹುದು. ಆದರೆ ಫೆನಿಟಾಯಿನ್‌ನಂಥ ನಾಜೂಕಿನ ಔಷಧದಲ್ಲಿ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಓದು ಬಾರದ ಅಜ್ಜನಿಗೆ ಮಾತ್ರೆಯ ಗುರುತೇ ಅದರ ಬಣ್ಣ. ಬಣ್ಣ ಬದಲಾದರೆ ಆತ ಎರಡನ್ನೂ ನುಂಗುತ್ತಾನೆ, ಇಲ್ಲವೇ ಎರಡನ್ನೂ ಬಿಡುತ್ತಾನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಆದರೆ ಕೊಡುವುದು ಬಹಳ ಕಡೆ ಹದಿನೈದು ದಿನಕ್ಕೆ, ತಿಂಗಳಿಗೆ. ಕೂಲಿ ಮಾಡುವವನಿಗೆ ತಾಲೂಕು ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಂತು ಬರುವುದೆಂದರೆ ಒಂದು ದಿನದ ಸಂಬಳ ಹೋಯಿತು. ಜೊತೆಗೆ ಒಬ್ಬರು ಹೋಗಬೇಕು, ದಾರಿಯಲ್ಲಿ ಫಿಟ್ಸ್ ಬಂದರೆ ಎಂಬ ಭಯ. ಅಲ್ಲಿಗೆ ಎರಡು ಸಂಬಳ. ಇಷ್ಟೆಲ್ಲ ಮಾಡಿಕೊಂಡು ಹೋದಾಗ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದರೆ ಪುಕ್ಕಟೆ ಮಾತ್ರೆಯಷ್ಟು ದುಬಾರಿ ಯಾವುದೂ ಇಲ್ಲ. ಮುಂದಿನ ವಾರ ಆತ ಬರುವುದಿಲ್ಲ, ಕಾರ್ಡಿನಲ್ಲಿ "ಚಿಕಿತ್ಸೆ ನಿಲ್ಲಿಸಿದ್ದಾರೆ" ಎಂದು ಬರೆಯಲಾಗುತ್ತದೆ. ಇದನ್ನು ರೋಗಿಯ ಅಸಡ್ಡೆ ಎನ್ನುವುದು ಅನ್ಯಾಯ. ನನ್ನ ಮಟ್ಟಿಗೆ ಈ ಸಮಸ್ಯೆಯ ದೊಡ್ಡ ಪಾಲು ಇರುವುದು ಇಲ್ಲೇ, ತಲೆಯೊಳಗಿನ ಮರೆವಿನಲ್ಲಲ್ಲ.

ಇದನ್ನು ಸರಿಪಡಿಸುವ ಕೆಲಸ ನಡೆದೇ ಇಲ್ಲ ಎಂದಲ್ಲ. ನಿಮ್ಹಾನ್ಸ್ ವೈದ್ಯರು ಗೌರಿಬಿದನೂರು, ಮಧುಗಿರಿ, ಕನಕಪುರ, ಮದ್ದೂರು ಮುಂತಾದ ಕಡೆ ತಿಂಗಳಿಗೊಮ್ಮೆ ಹೋಗಿ ಶಿಬಿರ ನಡೆಸುವ ಪದ್ಧತಿ ಹಳೆಯದು. 2022ರ ಜನವರಿಯಲ್ಲಿ ರಾಜ್ಯ ಆರೋಗ್ಯ ಇಲಾಖೆ, ನಿಮ್ಹಾನ್ಸ್ ಮತ್ತು ನೀತಿ ಆಯೋಗ ಸೇರಿ 'ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ' ಆರಂಭಿಸಿದವು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರ ಸಾರ್ವಜನಿಕ ಆಸ್ಪತ್ರೆ, ಬಳಿಕ ಬೇರೆ ಜಿಲ್ಲೆಗಳು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮೂರ್ಛೆ ರೋಗ ಗುರುತಿಸಲು ತರಬೇತಿ, ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಂಬುದು ಅದರ ಚೌಕಟ್ಟು. ಯಳಂದೂರಿನಲ್ಲಿ ಮೂರು ದಶಕದ ಹಿಂದೆ ಮಾಡಿ ತೋರಿಸಿದ್ದರ ದಾರಿಯೇ ಇದು. ತಡವಾದರೂ ಸರಿಯಾದ ದಾರಿ. ಆದರೆ ಕ್ಲಿನಿಕ್ಕಿನ ಉದ್ಘಾಟನೆಯ ಫೋಟೋಕ್ಕಿಂತ ಔಷಧ ಕೊಠಡಿಯ ಸ್ಟಾಕ್ ಬುಕ್ ಮುಖ್ಯ. ಅದರಲ್ಲಿ ಒಂದು ದಿನವೂ ಸೊನ್ನೆ ಬೀಳದಂತೆ ನೋಡಿಕೊಳ್ಳುವ ಹೊಣೆ ಯಾರದು ಎಂದು ಹೆಸರು ಹಿಡಿದು ಬರೆದಿಡದಿದ್ದರೆ ಉಳಿದದ್ದೆಲ್ಲ ಅಲಂಕಾರ. 2031ರ ವೇಳೆಗೆ ಶೇ 80 ರೋಗಿಗಳಿಗೆ ಕೈಗೆಟಕುವ ಔಷಧ, ಚಿಕಿತ್ಸೆ ಪಡೆಯುವವರಲ್ಲಿ ಶೇ 70 ಜನರಿಗೆ ಫಿಟ್ಸ್ ಹತೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ ಇದೆ. ಎರಡನೆಯ ಅಂಕಿ ನಿಂತಿರುವುದೇ ಮೊದಲನೆಯದರ ಮೇಲೆ.

ಹಾಗಾದರೆ ಜೀವನಪೂರ್ತಿ ನುಂಗಬೇಕೇ? ಇದು ಎಲ್ಲರ ಪ್ರಶ್ನೆ, ನ್ಯಾಯವಾದದ್ದೂ ಹೌದು. ಬೇಕಾಗಿಲ್ಲ, ಬಹಳ ಮಂದಿಗೆ. ಎರಡು ವರ್ಷವಾದರೂ ಫಿಟ್ಸ್ ಬಾರದೆ ಇದ್ದ 1013 ಮಂದಿಯ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದವರಲ್ಲಿ ಶೇ 59 ಜನ ಮುಂದಿನ ಎರಡು ವರ್ಷ ಚೆನ್ನಾಗಿಯೇ ಇದ್ದರು. ಮುಂದುವರಿಸಿದವರಲ್ಲಿ ಶೇ 78. ಈ ಎರಡು ಅಂಕಿಗಳ ನಡುವಿನ ಅಂತರವೇ ಬಿಡುವುದಕ್ಕೆ ತೆರುವ ಬೆಲೆ. ತೆರಬೇಕೋ ಬೇಡವೋ ಎಂಬುದನ್ನು ಡಾಕ್ಟರು ಮತ್ತು ರೋಗಿ ಕೂತು ಮಾತಾಡಿ ತೀರ್ಮಾನಿಸಬೇಕು. ತೀರ್ಮಾನಿಸಿದ ಮೇಲೂ ಇಳಿಸುವುದಕ್ಕೆ ತಿಂಗಳುಗಳು ಬೇಕು. "ನಿಂತೋಯ್ತಲ್ಲ" ಎನ್ನುವವರಿಗೂ ಇದೇ ದಾರಿ ಇದೆ, ಅವರಿಗೆ ಅದನ್ನು ಯಾರೂ ತೋರಿಸಿರುವುದಿಲ್ಲ ಅಷ್ಟೆ.

ಡಾಕ್ಟರುಗಳಿಗೆ ಒಂದು ಕೋರಿಕೆ. "ಸರಿಯಾಗಿ ತಗೊಳ್ತಿದ್ದೀರಾ" ಎಂದು ಕೇಳಬೇಡಿ. "ಎಲ್ಲರಿಗೂ ತಪ್ಪುತ್ತೆ, ಹೋದ ವಾರ ನಿಮಗೆ ಎಷ್ಟು ಸಲ ತಪ್ಪಿತು?" ಎಂದು ಕೇಳಿ, ಉತ್ತರ ಬಂದಾಗ ಗದರಬೇಡಿ. ಸರ್ಕಾರಕ್ಕೆ ಇನ್ನೊಂದು: ಫಿಟ್ಸ್ ಹತೋಟಿಗೆ ಬಂದವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ, ಅದನ್ನು ಅವರ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕೊಡಿ.

ಓದುಗರ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಸ್ಟ್ರಿಪ್ಪು ಎಣಿಸಿ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಮುಗಿಯುವವರೆಗೆ ಕಾಯದೆ ತರಿಸಿ. ಊರಿಗೆ ಹೋಗುವಾಗ, ಜಾತ್ರೆಗೆ, ಮದುವೆಗೆ ಹೊರಡುವಾಗ ಬಟ್ಟೆಗಿಂತ ಮೊದಲು ಮಾತ್ರೆ ಚೀಲಕ್ಕೆ ಹೋಗಲಿ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕೆಂದು ಮುಂದಿನ ಸಲ ಡಾಕ್ಟರನ್ನು ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ತಪ್ಪಿದ್ದಕ್ಕೆ ಎಂದು ಎರಡೆರಡು ನುಂಗಬೇಡಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿತೋ, 108ಕ್ಕೆ ಕರೆ ಮಾಡಿ.